ಹಲ್ಲಿದ್ದಾಗ

ನಮ್ಮಮ್ಮ ಬಾಯಿ ಬಿಟ್ಟು ನಗುತ್ತಿರುವ ಫೋಟೋ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಹಾಗೆಂದು ಅಮ್ಮ ನಗದ ಹೆಂಗಸೇನಲ್ಲ. ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತ ಪಕ್ಕದ ಮನೆಯ ದೊಡ್ಡಮ್ಮನ ಜೊತೆ ಮಾತಿಗೆ ನಿಂತಳೆಂದರೆ ಅವಳ ನಗು ಅಂಗಳ ದಾಟಿ ರಸ್ತೆಗೆ ಕೇಳುತ್ತಿತ್ತು. ಆದರೆ ಹೊರಗಿನವರು ಬಂದರೆ, ಅದರಲ್ಲೂ ಕ್ಯಾಮೆರಾ ಹಿಡಿದವರು ಎದುರು ನಿಂತರೆ, ಅವಳ ಎಡಗೈ ತಾನಾಗಿ ಸೆರಗಿನ ತುದಿ ಹಿಡಿದು ಬಾಯಿಗೆ ಬರುತ್ತಿತ್ತು. ಅಣ್ಣನ ಮದುವೆಯ ಆಲ್ಬಮ್ಮಿನಲ್ಲಿ ಅಮ್ಮ ಇರುವ ಹನ್ನೊಂದು ಫೋಟೋಗಳಿವೆ. ಹನ್ನೊಂದರಲ್ಲೂ ಸೆರಗು. "ಅಜ್ಜಿಗೆ ಅಷ್ಟೊಂದು ನಾಚಿಕೆಯಾ?" ಎಂದು ನನ್ನ ಮಗಳು ಚಿಕ್ಕವಳಿದ್ದಾಗ ಕೇಳಿದ್ದಳು. ನಾಚಿಕೆಯಲ್ಲ, ಹಲ್ಲಿರಲಿಲ್ಲ.

1981ರಲ್ಲಿ, ನಲವತ್ತನಾಲ್ಕನೆಯ ವಯಸ್ಸಿಗೆ, ಅಮ್ಮ ಬೊಚ್ಚುಬಾಯಿಯವಳಾದಳು. ಒಂದೇ ದಿನ ಆದದ್ದಲ್ಲ. ಒಂದೊಂದೇ ಹಲ್ಲು ಅಲ್ಲಾಡುತ್ತ ಬಂತು. ಅಮ್ಮ ಅದನ್ನು ನಾಲಿಗೆಯಿಂದ ಆಡಿಸುತ್ತ, ದೋಸೆ ಹೊಯ್ಯುತ್ತ, ಹೂ ಕಟ್ಟುತ್ತ ಇದ್ದು, ಒಂದು ದಿನ ಬೆರಳಿನಿಂದ ಹಿಡಿದು ತೆಗೆದು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದುಬಿಡುತ್ತಿದ್ದಳು. ಅಡಿಗೆಗೆ ಅದರಿಂದ ತಡವಾದದ್ದಿಲ್ಲ. ಕೊನೆಗೆ ಉಳಿದ ನಾಲ್ಕನ್ನು ಪೇಟೆಯಲ್ಲಿ ತೆಗೆಸಿದ್ದಾಯಿತು. ಆಗ ನಮಗಾರಿಗೂ ಇದೊಂದು ಕಾಯಿಲೆ ಅನ್ನಿಸಲಿಲ್ಲ. "ಮಕ್ಕಳನ್ನು ಹೆತ್ತ ಹೆಂಗಸಿನ ಹಲ್ಲು ಎಷ್ಟು ದಿನ ಇರುತ್ತೆ?" ಎಂದು ಅಜ್ಜಿ ಹೇಳಿದ್ದಳು. ಅಜ್ಜಿಗೂ ಹಲ್ಲಿರಲಿಲ್ಲ. "ನಮ್ಮ ಮನೆತನದ ಹಲ್ಲೇ ಹಾಗೆ" ಎಂದು ಅಮ್ಮ ಹೇಳಿದಳು. ಹದಿನೆಂಟರ ನಾನು ಕನ್ನಡಿಯಲ್ಲಿ ನನ್ನ ಹಲ್ಲು ನೋಡಿಕೊಂಡು, ಇವಕ್ಕೆ ಇನ್ನು ಇಪ್ಪತ್ತಾರು ವರ್ಷ ಎಂದು ಲೆಕ್ಕ ಹಾಕಿದ್ದು ನನಗೆ ನೆನಪಿದೆ.

1985ರಲ್ಲಿ ಅಣ್ಣನ ಮದುವೆಗೆಂದು ಅಪ್ಪ ಹಲ್ಲುಸೆಟ್ಟು ಮಾಡಿಸಿದರು. ಅದು ಮದುವೆಗೆ ಬಂತು, ಆದರೆ ಅಮ್ಮನ ಬಾಯಲ್ಲಿ ಅಲ್ಲ. ಧಾರೆಗೆ ಮುಂಚೆಯೇ ವಸಡು ಒತ್ತಿ ಹುಣ್ಣಾಗಿ, ಅಮ್ಮ ಅದನ್ನು ಕರವಸ್ತ್ರದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಸೆಟ್ಟು ಒತ್ತಿದರೆ ಮತ್ತೆ ಹೋಗಿ ಉಜ್ಜಿ ಸರಿಮಾಡಿಸಿಕೊಳ್ಳಬೇಕು, ಎರಡು ಮೂರು ಸಲ ಹೋಗಬೇಕಾಗುತ್ತದೆ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಮದುವೆಮನೆಯ ಕೆಲಸ ಬಿಟ್ಟು ಅಮ್ಮ ಹೋಗುತ್ತಿದ್ದಳೇ? ಅಂದಿನಿಂದ ಸೆಟ್ಟು ಸ್ಟೀಲಿನ ಲೋಟದೊಳಗೆ ದೇವರ ಗೂಡಿನ ಪಕ್ಕದಲ್ಲಿತ್ತು. ನೆಂಟರು ಬಂದಾಗ ಮಾತ್ರ ಹೊರಗೆ ಬರುವ ಚಿನ್ನದ ಸರದ ಹಾಗೆ, ಅದು ನೆಂಟರು ಬಂದಾಗ ಮಾತ್ರ ಬಾಯಿಗೆ ಬರುತ್ತಿತ್ತು. ಚಕ್ಕುಲಿ ಮಾಡುವುದರಲ್ಲಿ ಊರಿಗೇ ಹೆಸರಾಗಿದ್ದ ನಮ್ಮಮ್ಮ ತನ್ನ ಚಕ್ಕುಲಿಯನ್ನು ಕಾಫಿಯಲ್ಲಿ ಅದ್ದಿ, ಮೆತ್ತಗಾದ ಮೇಲೆ ಚಪ್ಪರಿಸುತ್ತಿದ್ದಳು. ಗರಿಗರಿ ಆಗಿದೆಯೋ ಇಲ್ಲವೋ ಎಂದು ನಮ್ಮನ್ನು ಕೇಳಿ ತಿಳಿದುಕೊಳ್ಳುತ್ತಿದ್ದಳು.

ನಮ್ಮದು ಸಾಗರದ ಕಡೆಯ ಹಳ್ಳಿ. ಬೆಳಿಗ್ಗೆ ಬಚ್ಚಲೊಲೆಗೆ ಬೆಂಕಿ ಹಾಕಿದ ಮೇಲೆ ನಮ್ಮನ್ನೆಲ್ಲ ಹಿತ್ತಿಲ ಕಟ್ಟೆಯ ಮೇಲೆ ಸಾಲಾಗಿ ಕೂರಿಸುವುದು ಅಮ್ಮನ ಕೆಲಸ. ಒಬ್ಬರಿಗೆ ಮಾವಿನೆಲೆ, ಒಬ್ಬರಿಗೆ ಇದ್ದಿಲಿನ ಪುಡಿಗೆ ಉಪ್ಪು ಸೇರಿಸಿದ್ದು. ಮಾವಿನೆಲೆಯಾದರೆ ಎಲೆಯಿಂದ ಹಲ್ಲುಜ್ಜಿ, ಅದರ ನಡುನರ ಸೀಳಿ ನಾಲಿಗೆ ಹೆರೆದುಕೊಳ್ಳಬೇಕು. ಯಾರಾದರೂ ಪೇಟೆಗೆ ಹೋದಾಗ ನಂಜನಗೂಡು ಹಲ್ಲುಪುಡಿ ಬರುತ್ತಿತ್ತು. ಅದು ಬಂದ ದಿನ ಉಜ್ಜುವುದಕ್ಕಿಂತ ನುಂಗುವುದೇ ಹೆಚ್ಚು. ಅಪ್ಪನಿಗೆ ಮಾತ್ರ ಬ್ರಷ್ಷು, ಅದೂ ಎಳೆಗಳೆಲ್ಲ ಮಲಗಿ ಒದ್ದೆ ಬೆಕ್ಕಿನ ಮೈಯಂತಾಗಿದ್ದ ಬ್ರಷ್ಷು. ಅಮ್ಮ ನಮ್ಮೆಲ್ಲರ ಬಾಯಿ ತೆರೆಸಿ, ಗದ್ದ ಹಿಡಿದೆತ್ತಿ ಬೆಳಕಿಗೆ ನೋಡಿ, "ಹಿಂದಿನದು ಉಜ್ಜೇ ಇಲ್ಲ, ಮತ್ತೆ ಹೋಗು" ಎಂದು ಓಡಿಸುತ್ತಿದ್ದಳು. ಅಷ್ಟು ನೆನಪಿರುವ ನನಗೆ, ಅಮ್ಮ ತಾನು ಹಲ್ಲುಜ್ಜುತ್ತಿದ್ದ ಚಿತ್ರ ಒಂದೂ ನೆನಪಿಗೆ ಬರುವುದಿಲ್ಲ. ಏಳು ಗಂಟೆಗೆ ಅಪ್ಪನಿಗೆ ಕಾಫಿ, ಏಳೂವರೆಗೆ ತೋಟದ ಆಳುಗಳಿಗೆ ತಿಂಡಿ. ಆ ನಡುವೆ ಯಾವಾಗಲೋ ಬಚ್ಚಲಲ್ಲಿ ಒಂದು ಬೊಗಸೆ ನೀರು ಹಾಕಿ ಮುಕ್ಕಳಿಸಿರಬೇಕು.

ಜಾತ್ರೆಯಲ್ಲಿ ಹಲ್ಲಿನ ಹುಳ ತೆಗೆಯುವವಳೊಬ್ಬಳು ಬರುತ್ತಿದ್ದಳು. ಕೆಂಡದ ಮೇಲೆ ಯಾವುದೋ ಬೀಜ ಉದುರಿಸಿ, ಕೊಳವೆಯಿಂದ ಹೊಗೆಯನ್ನು ಬಾಯಿಗೆ ಬಿಟ್ಟು, ಕೊನೆಗೆ ತಟ್ಟೆಯ ನೀರಿನಲ್ಲಿ ಬಿಳಿಯ ಎಳೆಯಂಥದ್ದನ್ನು ತೋರಿಸುವಳು. ಹುಳ! ನಾವು ಮಕ್ಕಳೆಲ್ಲ ಬಗ್ಗಿ ನೋಡಿದ್ದೆವು. ಬಿಸಿಗೆ ಸಿಡಿದ ಬೀಜದ ಒಳಗಿನ ಬಿಳಿ ಮೊಳಕೆಯೇ ಆ ಹುಳ ಎಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಪಾಪ, ಅವಳನ್ನೊಬ್ಬಳನ್ನೇ ಏಕೆ ಅನ್ನಬೇಕು? ನಮ್ಮ ಮಾತೇ ಹಾಗಿದೆ. ಹಲ್ಲು 'ಹುಳುಕಾಯಿತು' ಎನ್ನುತ್ತೇವೆ, 'ಹುಳ ತಿಂದಿದೆ' ಎನ್ನುತ್ತೇವೆ. ಕಣ್ಣಿಗೆ ಕಾಣುವ ಹುಳ ಅಲ್ಲಿ ಯಾವುದೂ ಇಲ್ಲ. ಬಾಯಲ್ಲಿ ಸದಾ ಇರುವ ಸೂಕ್ಷ್ಮಜೀವಿಗಳು ನಾವು ತಿಂದ ಸಿಹಿಯನ್ನು ತಾವೂ ತಿಂದು ಆಮ್ಲ ಬಿಡುತ್ತವೆ. ಆ ಹುಳಿಗೆ ಹಲ್ಲಿನ ಮೇಲಿನ ಗಟ್ಟಿ ಪದರ ಕರಗುತ್ತದೆ. ಮೂಳೆಗಿಂತ ಗಟ್ಟಿಯಾದ ಪದರ ಅದು. ಆದರೆ ಒಮ್ಮೆ ತೂತು ಬಿದ್ದರೆ ಮುರಿದ ಮೂಳೆ ಕೂಡುವ ಹಾಗೆ ತಾನಾಗಿ ಕೂಡುವುದಿಲ್ಲ.

1986ರಲ್ಲಿ ಮದುವೆಯಾಗಿ ಶಿವಮೊಗ್ಗಕ್ಕೆ ಬಂದೆ. ಎರಡು ವರ್ಷಕ್ಕೆ ಮಗ ಹೊಟ್ಟೆಯಲ್ಲಿದ್ದಾಗ ಒಂದು ಬೆಳಿಗ್ಗೆ ಉಗುಳಿದ ನೊರೆ ಕೆಂಪಗಿತ್ತು. ವಸಡು ಊದಿಕೊಂಡು, ಬ್ರಷ್ಷು ತಾಗಿದರೆ ರಕ್ತ. ಬಸುರಿಯರಿಗೆ ಹಾಗಾಗುತ್ತೆ ಎಂದರು ಅತ್ತೆ. ಅದು ಸರಿಯಾದ ಮಾತೇ. ಬಸಿರಿನಲ್ಲಿ ಮೈಯ ಹಾರ್ಮೋನುಗಳು ಏರುವುದರಿಂದ, ಹಲ್ಲಿನ ಬುಡದಲ್ಲಿ ಸ್ವಲ್ಪ ಕೊಳೆ ಕುಳಿತಿದ್ದರೂ ವಸಡು ಕೆರಳಿ ಬಾತುಕೊಳ್ಳುತ್ತದೆ. ಅದಕ್ಕೆ ಮಾಡಬೇಕಾದ್ದು ಇನ್ನಷ್ಟು ಜಾಗ್ರತೆಯಾಗಿ ಉಜ್ಜುವುದು. ನಾನು ಮಾಡಿದ್ದು ಉಜ್ಜುವುದನ್ನೇ ಬಿಟ್ಟದ್ದು. ರಕ್ತ ಬರುವ ಕಡೆ ಕೈಯಿಡಬಾರದು ಎಂಬುದು ಯಾರಿಗಾದರೂ ತೋಚುವ ಬುದ್ಧಿಯಲ್ಲವೇ? ಜೊತೆಗೆ ವಾಂತಿ. ವಾಂತಿಯಾದ ಕೂಡಲೆ ಬಾಯಿ ವಾಸನೆ ಹೋಗಲೆಂದು ಗಸಗಸ ತಿಕ್ಕುತ್ತಿದ್ದೆ. ಅದೂ ತಪ್ಪಂತೆ. ಹೊಟ್ಟೆಯ ಹುಳಿ ತಾಗಿ ಮೆತ್ತಗಾದ ಹಲ್ಲನ್ನು ಆಗಲೇ ಉಜ್ಜಿದರೆ ಸವೆಯುತ್ತದೆ. ಬರೀ ನೀರಿನಲ್ಲಿ ಮುಕ್ಕಳಿಸಿ ಅರ್ಧ ಗಂಟೆ ಬಿಟ್ಟು ಉಜ್ಜಬೇಕಿತ್ತು. ನನ್ನದು ಎರಡೂ ತಲೆಕೆಳಗು.

ಬಾಣಂತನಕ್ಕೆ ತವರಿಗೆ ಹೋದೆ. ಅಲ್ಲಿ ತಣ್ಣೀರು ಮುಟ್ಟುವಂತಿಲ್ಲ, ಗಟ್ಟಿಯಾದ್ದು ಕಚ್ಚುವಂತಿಲ್ಲ, ಬ್ರಷ್ಷು ತಾಗಿಸಿದರೆ ಮುಂದೆ ಹಲ್ಲು ಸಡಿಲವಾಗುತ್ತದೆ. ಹಲ್ಲು ಗಟ್ಟಿಯಾಗಲಿ ಎಂದು ದಿನಕ್ಕೆ ಮೂರು ಸಲ ಸುಣ್ಣ ಸವರಿದ ಎಲೆಯಡಿಕೆ. ಇದನ್ನು ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ. ಅಡಿಕೆ ತೋಟ ನಮ್ಮ ತವರಿನ ಅನ್ನ. ನನ್ನ ಕಾಲೇಜಿನ ಫೀಜು, ಮದುವೆಯ ಸೀರೆ, ಅಮ್ಮನ ಹಲ್ಲುಸೆಟ್ಟು ಕೂಡ ಅಡಿಕೆಯ ದುಡ್ಡಿನದೇ. ಆದರೆ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ತಂಬಾಕು ಸೇರಿಸದಿದ್ದರೂ ಅಡಿಕೆ ಅಡಿಕೆಯೇ. ಹೊತ್ತುಹೊತ್ತಿಗೂ ಅಗಿಯುವವರಲ್ಲಿ ಕೆನ್ನೆಯ ಒಳಗಿನ ಚರ್ಮ ಬಿರುಸಾಗಿ ಬಾಯಿ ತೆರೆಯುವುದೇ ಕಷ್ಟವಾಗುವುದನ್ನು ನಾನೇ ನಮ್ಮ ಬಳಗದಲ್ಲಿ ನೋಡಿದ್ದೇನೆ. ಅವರು ಕೊನೆಗೆ ತುತ್ತನ್ನು ಒಳಗೆ ತಳ್ಳಲಾರದೆ ಗಂಜಿ ಕುಡಿಯುತ್ತಿದ್ದರು. ತಂಬೂಲದ ತಟ್ಟೆಗೆ ನಾನು ಈಗಲೂ ಅಡಿಕೆ ಇಡುತ್ತೇನೆ. ಬಾಯಿಗೆ ಇಡುವುದಿಲ್ಲ. ಇದನ್ನು ತವರಿನಲ್ಲಿ ಜೋರಾಗಿ ಹೇಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.

ಮಕ್ಕಳ ಹಲ್ಲಿನ ವಿಷಯದಲ್ಲಿ ನಾನು ಅಮ್ಮನಿಗಿಂತ ಜಾಣೆ ಎಂದುಕೊಂಡಿದ್ದೆ. ಹಾಲುಹಲ್ಲು ಬಿದ್ದಾಗ ಸಗಣಿಯುಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವ ಶಾಸ್ತ್ರವನ್ನು ಬಾಡಿಗೆ ಮನೆಯ ತಾರಸಿಯಲ್ಲೂ ತಪ್ಪದೆ ಮಾಡಿಸಿದೆ. ಆದರೆ 1997ರಲ್ಲಿ, ಮಗನಿಗೆ ಒಂಬತ್ತು ವರ್ಷವಿದ್ದಾಗ, ಕೆಳಗಿನ ದವಡೆಯಲ್ಲಿ ಕಪ್ಪು ಗುಳಿ ಕಂಡಿತು. "ಹಾಲುಹಲ್ಲಲ್ವಾ, ಬಿದ್ದು ಹುಟ್ಟುತ್ತೆ ಬಿಡು" ಎಂದು ನಾನೇ ಹೇಳಿದೆ. ಬಿದ್ದು ಹುಟ್ಟುವ ಹಲ್ಲು ಅದಲ್ಲ. ಆರನೆಯ ವರ್ಷಕ್ಕೆ ಹಾಲುಹಲ್ಲುಗಳೆಲ್ಲದರ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಹೊಸ ದವಡೆಹಲ್ಲು ಬರುತ್ತದೆ. ಮೇಲೆ ಎರಡು, ಕೆಳಗೆ ಎರಡು. ಅವು ಸಾಯುವವರೆಗೂ ಇರಬೇಕಾದವು. ಏನೂ ಬೀಳದೆ ಬಂದದ್ದರಿಂದ ತಾಯಂದಿರು ಅದನ್ನೂ ಹಾಲುಹಲ್ಲೆಂದೇ ಎಣಿಸುತ್ತೇವೆ. ಮಗನಿಗೆ ರಾತ್ರಿಯೆಲ್ಲ ನೋವು. ಲವಂಗದೆಣ್ಣೆಯ ಹತ್ತಿ ಇಟ್ಟೆ, ನೋವು ನಿಂತಿತು, ನಾನೂ ನಿಶ್ಚಿಂತಳಾದೆ. ಲವಂಗದೆಣ್ಣೆ ನರವನ್ನು ಮರಗಟ್ಟಿಸುತ್ತದೆಯೇ ಹೊರತು ಗುಳಿಯನ್ನು ಮುಚ್ಚುವುದಿಲ್ಲ. ಆರು ತಿಂಗಳ ನಂತರ ಕೆನ್ನೆ ಊದಿ, ಆ ಹಲ್ಲನ್ನು ಕೀಳಿಸಬೇಕಾಯಿತು. ಈಗ ಮೂವತ್ತು ದಾಟಿ ಎಷ್ಟೋ ವರ್ಷವಾದ ಮಗ ಬಲಗಡೆಯಲ್ಲೇ ಊಟ ಮಾಡುವುದನ್ನು ನೋಡಿದಾಗಲೆಲ್ಲ ನನಗೆ ನನ್ನ ಮಾತು ಕೇಳಿಸುತ್ತದೆ, "ಬಿದ್ದು ಹುಟ್ಟುತ್ತೆ ಬಿಡು."

2004ರ ಮಾತು. ಹಿತ್ತಿಲ ಗಿಡದ್ದೆಂದು ಪಕ್ಕದವರು ಪೇರಲೆ ಹಣ್ಣು ಕೊಟ್ಟಿದ್ದರು. ಕಚ್ಚಿದೆ. ಬಿಳಿ ತಿರುಳಿನ ಮೇಲೆ ಕೆಂಪು ಗೀರು. ಚಂದ್ರಪೇರಲೆ ಇರಬೇಕು ಎಂದುಕೊಂಡೆ, ನೀವು ನಗಬೇಡಿ. ಎರಡನೆಯ ಸಲ ಕಚ್ಚಿದಾಗ ಬಾಯಲ್ಲಿ ಉಪ್ಪುಪ್ಪು. ಬಚ್ಚಲ ಕನ್ನಡಿಯೆದುರು ತುಟಿ ಎತ್ತಿ ನೋಡಿದರೆ, ವಸಡು ಹಲ್ಲಿನಿಂದ ಬಿಟ್ಟುಕೊಂಡು ಹಲ್ಲೆಲ್ಲ ಉದ್ದವಾದಂತೆ ಕಂಡಿತು. ನೋವಿರಲಿಲ್ಲ. ನೋವಿಲ್ಲದ್ದಕ್ಕೆ ಡಾಕ್ಟರ ಹತ್ತಿರ ಹೋಗುವ ಹೆಂಗಸನ್ನು ನಾನಂತೂ ಕಂಡಿಲ್ಲ. ದೀಪಾವಳಿ ಕಳೆಯಲಿ ಎಂದುಕೊಂಡೆ. ದೀಪಾವಳಿಯ ಹಿಂದೆಯೇ ಅತ್ತೆಯ ಕಣ್ಣಿನ ಪೊರೆ ಆಪರೇಷನ್ನು ಬಂತು, ಮಗನ ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂತು, ನಾದಿನಿಯ ಬಾಣಂತನ ಬಂತು. ನಮ್ಮೆಜಮಾನರ ಹಲ್ಲು ಜುಮ್ಮೆನ್ನುತ್ತದೆ ಎಂದು ಅವರನ್ನು ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದೆ. ಆ ಶಾಪಿನ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತಿದ್ದೆ. ನನ್ನದೂ ಒಂದು ಸಲ ನೋಡಿಬಿಡಿ ಎಂದು ಹೇಳಲು ಬಾಯಿ ಬರಲಿಲ್ಲ. ಅವರು ಪಾತ್ರೆ ತಿಕ್ಕುವವರಂತೆ ಬಿರುಸು ಬ್ರಷ್ಷಿನಿಂದ ಅಡ್ಡಡ್ಡ ಉಜ್ಜಿ ಹಲ್ಲಿನ ಬುಡದಲ್ಲಿ ಕಚ್ಚು ಬೀಳಿಸಿಕೊಂಡಿದ್ದರು. ಅದನ್ನು ತುಂಬಿಸಿದರು. ಹೆಚ್ಚು ಉಜ್ಜಿದವರದು ಹಾಗೆ, ಉಜ್ಜದೆ ಬಿಟ್ಟವಳದು ಹೀಗೆ.

ಎರಡು ವರ್ಷ ಕಳೆದು 2006ರಲ್ಲಿ ಕೆಳಗಿನ ಮುಂದಿನ ಹಲ್ಲೊಂದು ನಾಲಿಗೆ ತಾಗಿದರೆ ಅಲುಗಿತು. ನಲವತ್ತಮೂರು ನನಗೆ. ಹದಿನೆಂಟರಲ್ಲಿ ಹಾಕಿದ ಲೆಕ್ಕ ಸರಿಯಾಗಿಯೇ ಬರುತ್ತಿತ್ತು. ಅಂದು ಯಾರಿಗೂ ಹೇಳದೆ, ತರಕಾರಿ ಚೀಲ ಹಿಡಿದುಕೊಂಡೇ ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದು ತೋರಿಸಿದಳು. ಹಲ್ಲಿನ ಬೇರುಗಳ ನಡುವೆ ಮೂಳೆ ಎಲ್ಲಿಯವರೆಗೆ ಇರಬೇಕಿತ್ತು, ಈಗ ಎಲ್ಲಿದೆ ಎಂದು ಪೆನ್ನಿನ ತುದಿಯಿಂದ ಗೀರೆಳೆದಳು. "ಆಂಟಿ, ಹಲ್ಲು ಚೆನ್ನಾಗಿದೆ. ಒಂದೂ ಹುಳುಕಿಲ್ಲ. ನೆಲ ಕುಸೀತಿದೆ" ಎಂದಳು. ದಿನವೂ ಹಲ್ಲಿನ ಮೇಲೆ ಕೂರುವ ಮೆತ್ತನೆಯ ಪಾಚಿಯನ್ನು ತೆಗೆಯದಿದ್ದರೆ ಅದು ಉಗುಳಿನ ಸುಣ್ಣದಂಶ ಹೀರಿ ಗಾರೆಯಂತೆ ಗಟ್ಟಿಯಾಗುತ್ತದೆ. ಆಮೇಲೆ ಬ್ರಷ್ಷಿಗೆ ಅದು ಬಗ್ಗುವುದಿಲ್ಲ. ಗಾರೆ ವಸಡಿನ ಕೆಳಗೆ ಇಳಿಯುತ್ತ ಹೋದಂತೆ ವಸಡು ಹಲ್ಲನ್ನು ಬಿಟ್ಟು ಜೇಬಿನ ಹಾಗೆ ಜೋಲುತ್ತದೆ, ಆ ಜೇಬಿನಲ್ಲಿ ಮತ್ತಷ್ಟು ಕೊಳೆ, ಕೆಳಗೆ ಮೂಳೆ ಕರಗುತ್ತದೆ. ಇಷ್ಟೆಲ್ಲ ಆಗುವವರೆಗೆ ನೋವೇ ಇಲ್ಲ. ಉಜ್ಜುವಾಗ ಕಾಣುವ ರಕ್ತ ಒಂದೇ ಅದು ಕಳಿಸುವ ಕಾಗದ. ಆ ಕಾಗದ ನನಗೆ 1988ರಲ್ಲೇ ಬಂದಿತ್ತು.

ಕ್ಲೀನ್ ಮಾಡಬೇಕು ಎಂದಳು. ನಾನು ಎದ್ದು ಕೂತೆ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ನನಗೆ ಹೇಳದವರೇ ಇರಲಿಲ್ಲ. ಅವಳು ನಕ್ಕು, "ಗೋಡೆ ಬಿರುಕಿನಲ್ಲಿ ಮಣ್ಣು ತುಂಬಿಕೊಂಡಿದೆ ಅನ್ನಿ. ಮಣ್ಣು ತೆಗೆದರೆ ಬಿರುಕು ಕಾಣುತ್ತೆ. ಬಿರುಕು ಮಾಡಿದ್ದು ನಾನಾ?" ಎಂದಳು. ಮೂರು ಸಲ ಕೂರಿಸಿ, ಮರಗಟ್ಟಿಸಿ, ವಸಡಿನ ಕೆಳಗಿನವರೆಗೂ ತೆಗೆದಳು. ತಟ್ಟೆಯಲ್ಲಿ ಬಿದ್ದ ಕಂದುಬಣ್ಣದ ಚೂರುಗಳನ್ನು ನೋಡಿ ನನಗೆ ನಾಚಿಕೆಯಾಯಿತು. ಅಡಿಗೆಮನೆಯ ಕಟ್ಟೆಯ ಮೇಲೆ ಒಂದು ಕಲೆ ಉಳಿದರೆ ನಿದ್ದೆ ಬಾರದವಳು ನಾನು. ಒಂದೆರಡು ವಾರ ತಣ್ಣೀರು ಕುಡಿದರೆ ಹಲ್ಲು ಜುಂ ಎನ್ನುತ್ತಿತ್ತು, ನಾಲಿಗೆಗೆ ಹಲ್ಲುಗಳ ನಡುವೆ ಸಂದಿ ತಾಗುತ್ತಿತ್ತು. ಇದೇ ಹೊತ್ತಿನಲ್ಲಿ ಎಲ್ಲರೂ "ನೋಡು, ಸಡಿಲವಾಯ್ತು" ಎನ್ನುವುದು. ಆಮೇಲೆ ವಸಡು ಬಿಗಿದುಕೊಂಡು, ಜೇನುತುಪ್ಪದ ಬಣ್ಣ ಹೋಗಿ ಗುಲಾಬಿಯಾಯಿತು. ಅಲುಗುತ್ತಿದ್ದ ಆ ಒಂದು ಹಲ್ಲು ಮಾತ್ರ ಉಳಿಯಲಿಲ್ಲ. ಕರಗಿದ ಮೂಳೆ ಮರಳಿ ಬರುವುದಿಲ್ಲ.

ಹೊರಡುವಾಗ ಅವಳು ಚೀಟಿಯಲ್ಲಿ ಬರೆದದ್ದು ಹಲ್ಲಿನ ಔಷಧಿಯನ್ನಲ್ಲ, ರಕ್ತದ ಸಕ್ಕರೆ ಪರೀಕ್ಷೆಯನ್ನು. ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಮೊದಲು ಗೊತ್ತಾದದ್ದು ಹೀಗೆ, ಹಲ್ಲಿನ ಡಾಕ್ಟರಿಂದ. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದಿಲ್ಲ. ಜಗಳವಾಡುವ ಓರಗಿತ್ತಿಯರ ಹಾಗೆ ಒಂದನ್ನೊಂದು ಕೆಣಕುತ್ತಲೇ ಇರುತ್ತವೆ. ಇನ್ನೊಂದು ಹಬ್ಬ, ಇನ್ನೊಂದು ಬಾಣಂತನ ಕಳೆಯಲಿ ಎಂದು ಕೂತಿದ್ದರೆ ಹೋಗುತ್ತಿದ್ದದ್ದು ಹಲ್ಲೊಂದೇ ಆಗಿರುತ್ತಿರಲಿಲ್ಲ.

ಆ ವರ್ಷ ಬೇಸಿಗೆಗೆ ತವರಿಗೆ ಹೋದಾಗ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅಮ್ಮ ಹಲಸಿನ ಹಪ್ಪಳ ಒಣಹಾಕುತ್ತಿದ್ದವಳು ತಿರುಗಿ ನೋಡದೆ, "ನಂಗೂ ರಕ್ತ ಬರ್ತಿತ್ತು ಮಾರಾಯ್ತಿ. ನಿಮ್ಮಣ್ಣ ಹುಟ್ಟಿದಾಗಿಂದ. ಅದಕ್ಕೇ ಉಜ್ಜೋದು ಬಿಟ್ಟೆ" ಎಂದಳು.

ನಾನು ಎಷ್ಟೋ ಹೊತ್ತು ಮಾತಾಡಲಿಲ್ಲ. ಮನೆತನದ ಹಲ್ಲು ಎಂದು ನಾವು ಮೂರು ತಲೆಮಾರು ನಂಬಿಕೊಂಡು ಬಂದದ್ದು ಇಷ್ಟೇ. ಕೆಲವರ ಮೈಗುಣಕ್ಕೆ ವಸಡಿನ ಕಾಯಿಲೆ ಬೇಗ ಹತ್ತುತ್ತದೆ ಎಂದು ಡಾಕ್ಟರಮ್ಮನೂ ಹೇಳಿದ್ದಳು, ಇಲ್ಲವೆನ್ನುವುದಿಲ್ಲ. ಆದರೆ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂದ ಆಸ್ತಿಯಲ್ಲಿ ಮೈಗುಣಕ್ಕಿಂತ ದೊಡ್ಡ ಪಾಲು, ರಕ್ತ ಕಂಡರೆ ಕೈಬಿಡು, ಯಾರಿಗೂ ಹೇಳಬೇಡ ಎಂಬುದು.

ಅಡಿಗೆಮನೆಯಲ್ಲಿರುವ ಹೆಂಗಸಿನ ಬಾಯಿಗೆ ಬಿಡುವೇ ಇಲ್ಲ ಎನ್ನುವುದೂ ನನಗೆ ಆಮೇಲೆ ಹೊಳೆಯಿತು. ಊಟ ಎರಡೇ ಹೊತ್ತು ನಿಜ. ಆದರೆ ಪಾಯಸಕ್ಕೆ ಸಿಹಿ ಸರಿಯಿದೆಯೇ ಎಂದು ಒಂದು ಚಮಚ, ಬೆಲ್ಲ ಕುಟ್ಟುವಾಗ ಸಿಡಿದ ಚೂರು, ಮಗು ಬಿಟ್ಟ ಅರ್ಧ ಬಿಸ್ಕತ್ತು, ಆರಿಹೋದ ಕಾಫಿಯನ್ನು ಮತ್ತೆ ಬಿಸಿಮಾಡಿ ನಾಲ್ಕು ಸಲ ನಾಲ್ಕು ಗುಟುಕು. ಹಲ್ಲಿಗೆ ಸಿಹಿ ಎಷ್ಟು ತಿಂದೆವು ಎನ್ನುವುದಕ್ಕಿಂತ ಎಷ್ಟು ಸಲ ತಿಂದೆವು ಎನ್ನುವುದೇ ಮುಖ್ಯ. ಪ್ರತಿ ಸಲವೂ ಬಾಯಿ ಹುಳಿಯಾಗಿ, ಅದನ್ನು ಉಗುಳು ತೊಳೆದು ಸಮಸ್ಥಿತಿಗೆ ತರಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಮತ್ತೊಂದು ಗುಟುಕು. ಹಬ್ಬದ ದಿನ ಊಟದ ಜೊತೆಗೆ ಎರಡು ಹೋಳಿಗೆ ತಿಂದು ಮುಗಿಸಿದವರಿಗಿಂತ ದಿನವಿಡೀ ಸಕ್ಕರೆ ಕಾಫಿ ಚಪ್ಪರಿಸಿದವಳ ಹಲ್ಲಿಗೇ ಹೆಚ್ಚು ಕಷ್ಟ. ಇನ್ನು ಸಂದಿಯಲ್ಲಿ ಸಿಕ್ಕಿಕೊಂಡದ್ದಕ್ಕೆ ನಮ್ಮ ಹತಾರ ನಿಮಗೆ ಗೊತ್ತೇ ಇದೆ. ತಾಳಿಸರಕ್ಕೋ ಬಳೆಗೋ ಸಿಕ್ಕಿಸಿದ ಪಿನ್ನು. ಅದರಿಂದ ಚುಚ್ಚಿಕೊಂಡ ವಸಡು ಇನ್ನಷ್ಟು ಬಿಟ್ಟುಕೊಳ್ಳುತ್ತದೆ. ಸಂದಿಗೆಂದೇ ನೂಲು ಸಿಗುತ್ತದೆ, ಪುಟ್ಟ ಬ್ರಷ್ಷೂ ಸಿಗುತ್ತದೆ. ನನ್ನ ಪಿನ್ನು ಈಗ ಸೀರೆಗೆ ಮಾತ್ರ.

ಡಾಕ್ಟರಮ್ಮ ಕಲಿಸಿದ್ದು ದೊಡ್ಡ ವಿದ್ಯೆಯೇನಲ್ಲ. ಮೆತ್ತನೆ ಎಳೆಯ ಬ್ರಷ್ಷನ್ನು ಹಲ್ಲೂ ವಸಡೂ ಕೂಡುವ ಗೆರೆಗೆ ಓರೆಯಾಗಿ ಹಿಡಿದು, ಎಳೆ ಮಗುವಿನ ತಲೆ ಒರೆಸುವಷ್ಟು ಹಗುರಾಗಿ ಆಡಿಸುವುದು. ಎರಡು ನಿಮಿಷ. ಹಾಲು ಕಾಯಲು ಇಟ್ಟು ಹೋದರೆ ಉಕ್ಕುವ ಭಯಕ್ಕೆ ಅರ್ಧ ನಿಮಿಷದಲ್ಲಿ ಮುಗಿಸುತ್ತಿದ್ದೆ, ಈಗ ಒಲೆ ಹೊತ್ತಿಸುವ ಮುಂಚೆ. ರಾತ್ರಿಯದು ಇನ್ನೂ ಮುಖ್ಯ, ಏಕೆಂದರೆ ನಿದ್ದೆಯಲ್ಲಿ ಉಗುಳು ಊರುವುದು ಕಡಿಮೆಯಾಗಿ ಬಾಯಿಗೆ ಕಾವಲಿರುವುದಿಲ್ಲ. ಪೇಸ್ಟಿನಲ್ಲಿ ಫ್ಲೋರೈಡು ಇರಬೇಕು, ಅದು ಕರಗಲು ಶುರುವಾದ ಹಲ್ಲನ್ನು ತೂತು ಬೀಳುವ ಮುಂಚೆ ಗಟ್ಟಿ ಮಾಡುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಸಾಕು. ಜಾಹೀರಾತಿನಲ್ಲಿ ತೋರಿಸುವ ಹಾಗೆ ಉದ್ದಕ್ಕೆ ಹಾಕಿದರೆ ಪೇಸ್ಟು ಮಾರುವವನಿಗೆ ಲಾಭ. ಮಕ್ಕಳು ಅದನ್ನು ನುಂಗಬಾರದು, ಫ್ಲೋರೈಡು ಹೆಚ್ಚಾದರೆ ಏನಾಗುತ್ತದೆ ಎನ್ನುವುದಕ್ಕೆ ಬೇರೆಲ್ಲೂ ಹೋಗಬೇಕಿಲ್ಲ. ನಮ್ಮದೇ ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕಡೆ ಕೊಳವೆಬಾವಿಯ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆಗಳು ಬಿದ್ದಿರುತ್ತವೆ. ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದ ಫ್ಲೋರೈಡು ಅಲ್ಲಿನ ಎಷ್ಟೋ ಬಾವಿಗಳಲ್ಲಿ ಮೀರಿದೆ. ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗಲೇ ಬೀಳುವ ಆ ಪಟ್ಟೆ ಉಜ್ಜಿದರೆ ಹೋಗುವುದಿಲ್ಲ. "ಆ ಹುಡುಗಿ ಹಲ್ಲುಜ್ಜಲ್ವೇನೋ" ಎಂದು ಹೆಣ್ಣು ನೋಡಲು ಹೋದವರು ಹೇಳಿದ್ದನ್ನು ಕೇಳಿ ಸಂಕಟಪಟ್ಟಿದ್ದೇನೆ. ಅದು ಅವಳ ಸೋಮಾರಿತನವಲ್ಲ, ಅವಳ ಊರಿನ ನೀರು.

ಅಮ್ಮನಿಗೆ 2007ರಲ್ಲಿ ಹೊಸ ಸೆಟ್ಟು ಮಾಡಿಸಿದೆವು, ಈ ಸಲ ಒತ್ತಿದ ಕಡೆಯೆಲ್ಲ ಮೂರು ಸಲ ಉಜ್ಜಿಸಿ. ರಾತ್ರಿ ತೆಗೆದು ತಣ್ಣೀರಿನಲ್ಲಿಡಬೇಕು, ಬಿಸಿನೀರಿಗೆ ಹಾಕಿದರೆ ಸೊಟ್ಟಗಾಗುತ್ತದೆ, ಹಲ್ಲಿಲ್ಲದ ವಸಡನ್ನೂ ಬಟ್ಟೆಯಿಂದ ಒರೆಸಿಕೊಳ್ಳಬೇಕು ಎಂದು ಹೇಳಿಕೊಟ್ಟೆ. ಎಪ್ಪತ್ತರ ಅಮ್ಮ ಮೊದಲ ದಿನವೇ ತನ್ನ ಚಕ್ಕುಲಿ ಮುರಿದು ಬಾಯಿಗಿಟ್ಟು, "ಸ್ವಲ್ಪ ಎಣ್ಣೆ ಜಾಸ್ತಿ ಮಾಡ್ತಿದ್ದೆ ಅಂತ ಕಾಣ್ತದೆ, ನೀವ್ಯಾರೂ ಹೇಳಲೇ ಇಲ್ಲ" ಎಂದಳು. ಸೆರಗು ಮಾತ್ರ ಬಾಯಿಗೆ ಬರುವುದು ನಿಲ್ಲಲಿಲ್ಲ. ಕೈಗೆ ರೂಢಿಯಾಗಿಬಿಟ್ಟಿತ್ತು. 2011ರಲ್ಲಿ ಹೋಗುವವರೆಗೂ ಹಾಗೇ ಇದ್ದಳು.

2016ರಲ್ಲಿ ಮಗಳು ಬಸುರಿ. ಐದನೆಯ ತಿಂಗಳಲ್ಲಿ ನಾನೇ ಕರೆದುಕೊಂಡು ಹೋಗಿ ಹಲ್ಲು ಕ್ಲೀನ್ ಮಾಡಿಸಿದೆ. ಬೀಗಿತ್ತಿಯವರು ಗಾಬರಿಯಾಗಿ, "ಹೊಟ್ಟೆಯಲ್ಲಿರೋ ಮಗುವಿಗೆ ಏನಾದ್ರೂ ಆದ್ರೆ?" ಎಂದರು. ಬಸಿರಿನ ನಡುವಿನ ಮೂರು ತಿಂಗಳು ಇದಕ್ಕೆಲ್ಲ ಅನುಕೂಲದ ಕಾಲ, ಆಗದೆ ಇಟ್ಟುಕೊಂಡರೇ ತೊಂದರೆ ಎಂದು ಡಾಕ್ಟರಿಂದಲೇ ಹೇಳಿಸಬೇಕಾಯಿತು. ಹುಟ್ಟಿದ ಮೊಮ್ಮಗಳಿಗೆ ಆರನೆಯ ವರ್ಷ ತುಂಬಿದಾಗ ನಾನು ದಿನಾ ಅವಳ ಬಾಯಿ ತೆರೆಸಿ, ಗದ್ದ ಹಿಡಿದೆತ್ತಿ ಬೆಳಕಿಗೆ ನೋಡುತ್ತಿದ್ದೆ, ಥೇಟ್ ಅಮ್ಮನ ಹಾಗೆ. ದವಡೆಯ ಹಲ್ಲು ತಲೆಯೆತ್ತಿ ಪೂರ್ತಿ ಬಂದ ಮೇಲೆ ಅದರ ಗುಳಿಗಳಿಗೆ ತೆಳ್ಳಗಿನ ಲೇಪ ಹಾಕಿಸಿದೆವು. ನೋವಿಲ್ಲ, ಕೊರೆಯುವುದಿಲ್ಲ, ಹತ್ತು ನಿಮಿಷ. ಮಗ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಅವನು ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಮೊನ್ನೆ ಎದುರುಮನೆಯವಳು ಮೊಸರಿಗೆ ಹೆಪ್ಪು ಕೇಳಲು ಬಂದಿದ್ದಳು. ಮೂವತ್ತೈದು ಇರಬೇಕು, ಎರಡು ಮಕ್ಕಳು, ಮನೆಯಲ್ಲಿ ಮಾವನವರಿಗೆ ಹುಷಾರಿಲ್ಲ. ಮಾತಾಡುತ್ತ ನಕ್ಕವಳು ತಟ್ಟನೆ ಕೈಯನ್ನು ಬಾಯಿಗೆ ಅಡ್ಡ ಹಿಡಿದಳು. ನನಗೆ ಆ ಕೈಯ ಗುರುತು ಹತ್ತಿತು.

"ರಕ್ತ ಬರುತ್ತಾ?" ಎಂದೆ.

ಅವಳು ಬೆಚ್ಚಿದಳು. "ಹೌದು ಆಂಟಿ. ನಿಮಗೆ ಹೇಗೆ ಗೊತ್ತಾಯ್ತು? ಅದಕ್ಕೇ ಬ್ರಷ್ ಮಾಡೋದು ಬಿಟ್ಟು ಬೆರಳಲ್ಲೇ ಉಜ್ಜಿಕೊಳ್ತೀನಿ. ತೋರಿಸ್ಬೇಕು. ಗೌರಿ ಹಬ್ಬ ಒಂದು ಕಳೀಲಿ."

ಹೆಪ್ಪಿನ ಬಟ್ಟಲು ಅವಳ ಕೈಗೆ ಕೊಡದೆ ನನ್ನ ಹತ್ತಿರವೇ ಇಟ್ಟುಕೊಂಡು ಅವಳೆದುರಿಗೇ ಫೋನು ಮಾಡಿದೆ. ಶನಿವಾರ ಸಂಜೆ ನಾಲ್ಕೂವರೆಗೆ ಇಬ್ಬರ ಹೆಸರೂ ಬರೆಸಿದ್ದೇನೆ. ನನ್ನದು ಆರು ತಿಂಗಳಿಗೊಮ್ಮೆ ಬರುವ ಸರದಿ. ಮಾವನವರ ಕಾಫಿಗೆ ಏನು ಮಾಡುವುದು ಎಂದು ಕೇಳಿದಳು. ಫ್ಲಾಸ್ಕಿನಲ್ಲಿ ಹಾಕಿಟ್ಟು ಬಾ ಎಂದೆ.